ದುಗ್ಗಪ್ಪನ ಹಿಮ್ಮಡಿ

ನಲವತ್ತು ವರ್ಷ ತೆಂಗಿನ ಮರ ಹತ್ತಿ ಶೇಂದಿ ಇಳಿಸಿದ ದುಗ್ಗಪ್ಪ ಒಂದು ಸಲವೂ ಬಿದ್ದವನಲ್ಲ. ಅಂಥವನ ಎಡಗಾಲನ್ನು ಅರ್ಧ ತೊಡೆಯವರೆಗೆ ತಿಂದುಹಾಕಿದ್ದು ಸಕ್ಕರೆ ಕಾಯಿಲೆ. ಅಂದಿನಿಂದ ಎರಡು ವರ್ಷ, ಅವನು ಮಂಚದಿಂದ ಎದ್ದರೆ ಸಾಕು, ಹೆಂಡತಿ ದೇಯಿ ಹಿಂದಿನಿಂದ ಅಂಗಿ ಹಿಡಿದುಕೊಳ್ಳುತ್ತಿದ್ದಳು. ಬಚ್ಚಲಿಗೂ ಅವಳೇ, ಅಂಗಳಕ್ಕೂ ಅವಳೇ. ಕಾಲು ಹೋದದ್ದಕ್ಕಿಂತ ಅವಳು ಹೀಗೆ ಕಟ್ಟುಬಿದ್ದದ್ದೇ ದುಗ್ಗಪ್ಪನಿಗೆ ಹೆಚ್ಚು ಚುಚ್ಚುತ್ತಿತ್ತು.

ಅತ್ತಾವರದ ಕೃತಕ ಕಾಲಿನ ಕೇಂದ್ರದವರು ಅವನಿಗೆ ಒಂದು ವಾರದ ಪರೀಕ್ಷೆಗೆ ಕಂಪ್ಯೂಟರ್ ಮಂಡಿ ಇರುವ, ಹೆಜ್ಜೆಗೆ ತಕ್ಕಂತೆ ತಾನೇ ಮಡಚಿ ಬಿಗಿಯುವ ಕಾಲು ಕೊಟ್ಟಿದ್ದರು. ದಾನಿಗಳಿಂದ ಬಂದಿದ್ದು ಅದೊಂದೇ. ಇಂದು ಕೊನೆಯ ದಿನ. ಯಾರೂ ಹಿಡಿಯದೆ ಕೇಂದ್ರದ ಇಳಿಜಾರು ಇಳಿದರೆ ಅದು ಅವನಿಗೆ. ಇಲ್ಲವಾದರೆ ಕಾಯುತ್ತಿರುವ ಇನ್ನೊಬ್ಬರಿಗೆ.

ಆರು ದಿನವೂ ಮಂಡಿ ಕೈಕೊಟ್ಟಿತ್ತು. ಹೆಜ್ಜೆ ಊರಿದ ಕೂಡಲೇ ಮಡಚಿಕೊಳ್ಳುತ್ತಿತ್ತು.

"ಕಂಪ್ಯೂಟರ್ ಉಂಟಂತೆ! ಬುದ್ಧಿ ಎಲ್ಲುಂಟು?" ಎಂದು ದುಗ್ಗಪ್ಪ ಗೊಣಗಿದ.

ಕಾಲು ಜೋಡಿಸುವ ದೀಕ್ಷಿತಾ ನೆಲದಲ್ಲೇ ಕೂತು ಅವನ ಪಾದ ನೋಡುತ್ತಿದ್ದಳು. "ಅಜ್ಜ, ನೀವು ಬೆರಳು ಮೊದಲು ಊರುವುದು ಎಂತಕ್ಕೆ?"

"ಮರ ಹತ್ಲಿಕ್ಕೆ ಕಡಿದ ಕಚ್ಚಿನಲ್ಲಿ ಹಿಮ್ಮಡಿ ಇಡ್ಲಿಕ್ಕೆ ಆಗ್ತದಾ? ಬೆರಳು ಇಟ್ಟು, ಗಟ್ಟಿ ಉಂಟಾ ನೋಡಿ, ಮತ್ತೆ ಭಾರ ಹಾಕುವುದು."

ದೀಕ್ಷಿತಾ ನಕ್ಕುಬಿಟ್ಟಳು. "ಅದೇ ಎಡವಟ್ಟು! ಬೆರಳಿಗೆ ಭಾರ ಬಂದ್ರೆ ನೀವು ಕಾಲು ಎತ್ತುತ್ತೀರಿ ಅಂತ ಮಂಡಿ ತಿಳ್ಕೊಳ್ತದೆ, ಮಡಚ್ಲಿಕ್ಕೆ ಬಿಡ್ತದೆ. ಹಿಮ್ಮಡಿ ಮೊದಲು ಊರಿ. ಆಗ ಅದು ಹಿಡ್ಕೊಳ್ತದೆ."

ಇಳಿಜಾರಿನ ಮೇಲ್ತುದಿಯಲ್ಲಿ ದೇಯಿ ಅಂಗಿ ಬಿಡಲೊಲ್ಲಳು. "ಬೀಳ್ತೀರಿ ಮಾರಾಯ್ರೆ."

"ಬಿಡು," ಎಂದ ದುಗ್ಗಪ್ಪ.

ಹಿಮ್ಮಡಿ ಊರಿದ. ತುಂಬಿದ ಕೊಡವನ್ನು ನೆಲಕ್ಕಿಳಿಸುವಷ್ಟು ಜೋಪಾನವಾಗಿ ಮಂಡಿ ಅವನ ಭಾರವನ್ನು ಇಳಿಸಿತು. ಅವನಿಗೆ ಮೈ ಜುಮ್ಮೆಂದಿತು. ನಡುವೆ ಪಾದದ ತುದಿ ಇಳಿಜಾರಿಗೆ ಹಾಸಿದ್ದ ಚಾಪೆಗೆ ತಾಗಿ ಮುಗ್ಗರಿಸಿದ. ದೇಯಿ ಹಾರಿ ಬರುವಷ್ಟರಲ್ಲಿ ಮಂಡಿ ತಾನೇ ಬಿಗಿದು ಅವನನ್ನು ನಿಲ್ಲಿಸಿಯಾಗಿತ್ತು. ಎಂಥ ಕೆಲಸಗಾರನಪ್ಪ ಇದು! ದುಗ್ಗಪ್ಪ ಬಗ್ಗಿ ಮಂಡಿಯನ್ನು ಮೆಲ್ಲಗೆ ತಟ್ಟಿ, ಉಳಿದದ್ದನ್ನೂ ಇಳಿದ.

"ಕಾಲು ನಿಮ್ಮದೇ ಅಜ್ಜ," ಎಂದಳು ದೀಕ್ಷಿತಾ.

ದುಗ್ಗಪ್ಪ ಹೆಂಡತಿಯತ್ತ ತಿರುಗಿದ. "ನೀನು ಮುಂದೆ ನಡಿ. ನಾನು ಬರ್ತೇನೆ."

ದೇಯಿ ಅಳುಕುತ್ತ ನಾಲ್ಕು ಹೆಜ್ಜೆ ಇಟ್ಟಳು. ಆಮೇಲೆ ಅವಳಿಗೇ ತಿಳಿಯದಂತೆ ನಡಿಗೆ ಬಿರುಸಾಯಿತು, ಗೇಟಿನವರೆಗೂ ಬಿರಬಿರನೆ ಹೋಗಿಬಿಟ್ಟಳು. ಹೌದಲ್ಲ, ಮೊದಲಿನಿಂದಲೂ ಅವಳದು ಓಡುವಂಥ ನಡಿಗೆಯೇ. ಅದು ದುಗ್ಗಪ್ಪನಿಗೆ ಮರೆತೇಹೋಗಿತ್ತು. ಅವನಿಗೆ ಕಣ್ಣು ತುಂಬಿ ಬಂತು. ನಿಲ್ಲೆಂದು ಕರೆಯಲಿಲ್ಲ.