ಹದಿನೆಂಟು ಮೊಳೆ

ನಕ್ಷೆ ಮೇಜಿಗಿಂತ ದೊಡ್ಡದಿತ್ತು. ಫಾದರ್ ಬಂಗಲೆಯ ಊಟದ ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಚಹಾ ಲೋಟ ಹೇರಿದ್ದರೂ ತುದಿ ಸುರುಳಿಯಾಗಿ ಏಳುತ್ತಲೇ ಇತ್ತು. ಕೆಂಡ ತನ್ನ ಬದಿಯ ತುದಿಯನ್ನು ಅಂಗೈಯಿಂದ ಒತ್ತಿ ಹಿಡಿದು ನಿಂತಿದ್ದ. ನಕ್ಷೆ ಬರೆದ ಮೇಡಂ ಅವನ ಹೆಬ್ಬೆರಳ ಪಕ್ಕದಲ್ಲೇ ಪೆನ್ಸಿಲು ಕುಟ್ಟಿದರು.

"ಕಂಬದಿಂದ ಕಂಬಕ್ಕೆ ಒಂದು ಅಂಕಣ. ಒಂದು ಅಂಕಣಕ್ಕೆ ನೂರು ಜನ. ನೀವು ಕೊಟ್ಟ ಲೆಕ್ಕ ಒಂಬೈನೂರು, ನಾನು ಹಾಕಿರೋದು ಒಂಬತ್ತು ಅಂಕಣ. ಮುಂದುಗಡೆ ರಸ್ತೆ ಇದೆ, ಜರುಗೋ ಹಾಗಿಲ್ಲ. ಹಿಂದಕ್ಕೇ ಹೋಗ್ಬೇಕು. ಕೊನೇ ಎರಡು ಅಂಕಣ ಆ ಸಣ್ಣ ಮನೆ ಮೇಲೆ ಬರುತ್ತೆ. ಅದನ್ನ ಕೆಡವಬೇಕಾಗುತ್ತೆ."

ಸಣ್ಣ ಮನೆ ಅಂದರೆ ಅಡುಗೆ ಅಜ್ಜಿಯ ಮನೆ. ಚರ್ಚಿನ ಬೆನ್ನಿಗೆ, ಬಂಗಲೆಯ ಅಡುಗೆಮನೆಗೆ ಅಂಟಿಕೊಂಡ ಒಂದೇ ಕೋಣೆ. ಮೂವತ್ತೆರಡು ವರ್ಷಗಳಲ್ಲಿ ಐದು ಜನ ಫಾದರುಗಳು ಬಂದು ಹೋದರು, ಅಜ್ಜಿ ಮಾತ್ರ ಅಲ್ಲೇ. ಆ ಮನೆಯ ಬಾಗಿಲ ಮುಂದಿನ ಮೆಟ್ಟಿಲು ಕೆಂಡ ತನ್ನ ಕೈಯಾರೆ ಕಟ್ಟಿದ ಮೊದಲ ಕೆಲಸ. ಒಂದು ಕಡೆ ಅರ್ಧ ಇಂಚು ತಗ್ಗು. ಅವನು ಎಷ್ಟು ಸಲ ಒಡೆದು ಕಟ್ಟುತ್ತೇನೆಂದರೂ ಅಜ್ಜಿ ಬಿಟ್ಟಿರಲಿಲ್ಲ.

ಅಜ್ಜಿ ಆಗಲೇ ಇನ್ನೊಂದು ಸುತ್ತು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವೂ ಕಿವಿಗೆ ಬಿದ್ದಿತ್ತು.

"ಹಾಗಾದ್ರೆ ನನ್ನ ಬೆಕ್ಕಿಗೆ ಯಾವ ಅಂಕಣ ಮೇಡಮ್ಮೋರೆ?" ಎಂದು ನಕ್ಕಳು.

ಮೇಜಿನ ತಲೆಭಾಗದಲ್ಲಿ ಕುಳಿತಿದ್ದ ಮರದ ಮಿಲ್ಲಿನ ಯಜಮಾನ ಸಮಾಧಾನ ಹೇಳಿದ. "ಸಿಸ್ಟರುಗಳ ಆಶ್ರಮದಲ್ಲಿ ಹಾಸಿಗೆ ಖಾಲಿ ಇದೆ ಅಜ್ಜಿ. ರಾಣಿ ಹಾಗೆ ಕೂತ್ಕೊಂಡು ತಿನ್ನಬಹುದು."

"ರಾಣಿಗೆ ಒಲೆ ಕೊಡ್ತಾರಾ?"

"ರಾಣಿಗೆ ಒಲೆ ಯಾಕೆ?"

"ಮತ್ತೆ ಬೆಳಗ್ಗೆ ಎದ್ದು ಏನ್ ಮಾಡೋದು ಯಜಮಾನ್ರೇ, ಕಿರೀಟ ಒರೆಸೋದಾ?"

ಎಲ್ಲರೂ ನಕ್ಕರು. ಅಜ್ಜಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಲೋಟ ಎತ್ತಿದ ಮೂಲೆ ಸುರುಳಿಯಾಗಿ ಎದ್ದು ಕೊನೆಯ ಎರಡು ಅಂಕಣವನ್ನು ಮುಚ್ಚಿತು. ಕೆಂಡನ ಅಂಗೈ ಬೆವತು ಕಾಗದಕ್ಕೆ ಅಂಟಿತ್ತು. ಯಾಕೆಂದರೆ ಒಂಬೈನೂರು ಜನ ಎಲ್ಲೂ ಇರಲಿಲ್ಲ. ಅವರಲ್ಲಿ ನೂರ ಎಂಬತ್ತು ಜನರನ್ನು ಹುಟ್ಟಿಸಿದವನು ಅವನೇ.

ಕೋಪ ಮೂಗಿನ ತುದಿಯಲ್ಲೇ ಇರುತ್ತಿದ್ದುದರಿಂದ ಅವನಿಗೆ ಆ ಹೆಸರು. ಏಳನೇ ತರಗತಿಯಲ್ಲಿ ಮೇಷ್ಟ್ರ ಮೇಲೆ ಕೂಗಾಡಿ ಶಾಲೆ ಬಿಟ್ಟವನು ಕರಣಿ ಹಿಡಿದಿದ್ದ. ಈಗ ಇಪ್ಪತ್ತನಾಲ್ಕು ವರ್ಷ, ಒಳ್ಳೆಯ ಗಾರೆ ಕೆಲಸಗಾರ. ಹಳೇ ಚರ್ಚಿನೊಳಗೆ ಮುನ್ನೂರು ಜನಕ್ಕೆ ಜಾಗ. ಉಳಿದವರಿಗೆ ಅಂಗಳದ ಬಿಸಿಲು. ಮಂಡಿ ನೋವಿನ ಅಮ್ಮ ಆ ಬಿಸಿಲಲ್ಲಿ ಪೂಜೆಯ ನಡುವೆ ತಲೆತಿರುಗಿ ಬಿದ್ದಾಗ, ಒಳಗಿನ ಮೊದಲ ಬೆಂಚಿನಿಂದ ಎದ್ದು ಬಂದ ಮಿಲ್ಲಿನ ಯಜಮಾನ ಅಂದಿದ್ದ, "ಒಂದು ಕೊಡೆ ತರಬಾರದಿತ್ತೇನಮ್ಮ?" ಆ ಮಾತು ಕೆಂಡನ ಎದೆಯಲ್ಲಿ ಮುರಿದ ಮುಳ್ಳಿನಂತೆ ಉಳಿದಿತ್ತು. ಹೊಸ ಚರ್ಚಿನ ಸಮಿತಿ ಆದಾಗ ಅವನು ಯಾರೂ ಕರೆಯದೆ ಹೋಗಿ ಕುಳಿತ. ಯಾರೂ ಎಬ್ಬಿಸುವ ಧೈರ್ಯ ಮಾಡಲಿಲ್ಲ.

ಮೇಡಂ ಮೊದಲ ದಿನವೇ ಹೇಳಿದ್ದರು, ಜನ ಎಷ್ಟೆಂದು ಗೊತ್ತಾಗದೆ ನಾನು ಒಂದು ಗೆರೆಯನ್ನೂ ಎಳೆಯುವುದಿಲ್ಲ, ನಾಲ್ಕು ಭಾನುವಾರ ಎಣಿಸಿ ಎಂದು. ಎಣಿಕೆ ಕೆಂಡನ ಪಾಲಿಗೆ ಬಂತು. ಅವನು ಗೇಟಿನ ಹತ್ತಿರ ನಿಂತು ಗಾರೆಯವರ ಪದ್ಧತಿಯಲ್ಲಿ ಎಣಿಸಿದ. ಬಲ ಜೇಬಿನ ತುಂಬ ಮೊಳೆ. ಹತ್ತು ಜನ ದಾಟಿದರೆ ಒಂದು ಮೊಳೆ ಎಡ ಜೇಬಿಗೆ. ಇಟ್ಟಿಗೆ ಲೋಡು ಇಳಿಸುವಾಗ ಅವನು ಯಾವತ್ತೂ ಹಾಗೇ ಎಣಿಸುವುದು, ಒಂದು ಇಟ್ಟಿಗೆಯೂ ತಪ್ಪಿದ್ದಿಲ್ಲ. ಮೊದಲ ಎರಡು ಭಾನುವಾರ ಎಪ್ಪತ್ತೆರಡು ಮೊಳೆ ಬಂತು. ಏಳುನೂರ ಇಪ್ಪತ್ತು.

"ಅಷ್ಟೇನಾ?" ಎಂದಿದ್ದ ಮಿಲ್ಲಿನ ಯಜಮಾನ. "ಅಷ್ಟಕ್ಕೆ ಹೊಸ ಚರ್ಚು ಯಾಕಪ್ಪಾ? ಅಂಗಳಕ್ಕೆ ಒಂದು ತಗಡಿನ ಚಪ್ಪರ ಹಾಕಿದ್ರೆ ಮುಗೀತು."

ತಗಡಿನ ಚಪ್ಪರ. ಅಮ್ಮನನ್ನು ಅದರ ಕೆಳಗೆ ಕೂರಿಸಿ ಬೇಯಿಸುವುದು. ಕೆಂಡನಿಗೆ ಸಿಟ್ಟಿಗೆ ಕಣ್ಣು ಕತ್ತಲೆ ಬಂದಿತ್ತು. ಮೂರನೇ ಭಾನುವಾರ ಕೊನೆಯ ಕುಟುಂಬ ಗೇಟು ದಾಟಿದ ಮೇಲೆ, ಬಲ ಜೇಬಿಗೆ ಕೈ ಹಾಕಿ ಒಂದು ಹಿಡಿ ಮೊಳೆ ತೆಗೆದು ಎಡ ಜೇಬಿಗೆ ಸುರಿದ. ಆಮೇಲೆ ಬಿಡಿಸಿ ನೋಡಿದರೆ ಹದಿನೆಂಟು ಇದ್ದವು. ನಾಲ್ಕನೇ ಭಾನುವಾರವೂ ಸುಳ್ಳು ಹೊಂದಿಕೆಯಾಗಲೆಂದು ಎಣಿಸಿಯೇ ಹದಿನೆಂಟು ಹಾಕಿ, ಚೀಟಿಯಲ್ಲಿ ಒಂಬೈನೂರು ಎಂದು ಬರೆದುಕೊಟ್ಟ. ಅವತ್ತು ಅವನಿಗೆ ನಾಚಿಕೆಯಾಗಿರಲಿಲ್ಲ, ಗೆದ್ದ ಹಾಗಿತ್ತು.

ಈಗ ಮನೆಗೆ ಹೋದರೆ ಅಮ್ಮ ಮಂಡಿಗೆ ಎಣ್ಣೆ ತಿಕ್ಕುತ್ತಾ ಕೇಳಿದಳು, "ಫ್ಯಾನ್ ಎಲ್ಲೆಲ್ಲಿ ಬರುತ್ತಂತೆ? ನನಗೆ ಫ್ಯಾನ್ ಕೆಳಗೊಂದು ಜಾಗ ಹಿಡಿದಿಡು ಮತ್ತೆ."

"ಅಡುಗೆ ಅಜ್ಜಿ ಮನೆ ಹೋಗುತ್ತಂತೆ."

ಅಮ್ಮನ ಕೈ ನಿಂತಿತು. "ಅಯ್ಯೋ ದೇವರೇ. ನಾನು ಕೆಲಸಕ್ಕೆ ಹೋದಾಗೆಲ್ಲ ನಿನ್ನ ಹೊಟ್ಟೆ ನೋಡಿದ್ದು ಆಕೆ ಕಣೋ. ಬೇರೆ ದಾರಿನೇ ಇಲ್ವಂತಾ?"

"ಜನ ಜಾಸ್ತಿ ಅಂತೆ," ಎಂದ.

ಶನಿವಾರ ಸಂಜೆ ಅವನು ಪಾಪನಿವೇದನೆಗೆ ಹೋದ. ಸಾಲಿನಲ್ಲಿ ಅವನ ಮುಂದಿದ್ದ ಹೆಂಗಸು ಅವನನ್ನು ನೋಡಿ ಹುಬ್ಬೇರಿಸಿದಳು, ವರ್ಷಕ್ಕೊಂದು ಸಲವೂ ಆ ಕಡೆ ಸುಳಿಯದ ಆಸಾಮಿ ಎಂದು. ನಿವೇದನೆಯ ಮರದ ಗೂಡಿನಲ್ಲಿ ಮೊಣಕಾಲೂರಿ, ಜಾಲರಿಗೆ ಬಾಯಿ ಹಚ್ಚಿ, ಹದಿನೆಂಟು ಮೊಳೆಯ ಕತೆಯನ್ನು ಒಂದೇ ಉಸಿರಿಗೆ ಹೇಳಿದ. ಆ ಕಡೆ ಫಾದರ್ ಜಾಲರಿಯ ಹತ್ತಿರ ಬಾಗಿದರು.

"ಇದನ್ನ ಸರಿ ಮಾಡ್ಬೇಕಾದವನು ನೀನು ಮಗು. ಯಾರ ಮುಂದೆ ಸುಳ್ಳು ಹೇಳಿದ್ಯೋ ಅವರ ಮುಂದೆ ನೀನೇ ಹೇಳ್ಬೇಕು."

"ಹೂಂ ಫಾದರ್."

ಹೂಂ ಅಂದದ್ದು ಬಾಯಿ ಮಾತ್ರ. ಮನಸ್ಸು ಆಗಲೇ ಹಗುರಾಗಿ ಹೊರಗೆ ಹೊರಟಿತ್ತು. ಸಮಿತಿಗೆ ಅಧ್ಯಕ್ಷರೇ ಫಾದರ್. ಅವರಿಗೆ ಗೊತ್ತಾದ ಮೇಲೆ ಇನ್ನೇನು? ತನ್ನ ಹೆಸರು ಎತ್ತುವುದು ಬೇಡ, ಸುಮ್ಮನೆ 'ಇನ್ನೊಂದು ಸಲ ಎಣಿಸೋಣ' ಅಂದರೆ ಸಾಕು, ಅಜ್ಜಿಯ ಮನೆ ಉಳಿಯಿತು. ಅವನು ಸೀಟಿ ಹಾಕುತ್ತಾ ಮನೆಗೆ ಹೋದ. ಪಾಪವನ್ನು ಹೇಳಿ ಮುಗಿಸಿದೆ ಎಂದುಕೊಂಡವನು, ಯಾರೂ ಮುಟ್ಟಲಾಗದ ಜಾಗದಲ್ಲಿ ಅದನ್ನು ಬಚ್ಚಿಟ್ಟು ಬಂದಿದ್ದ.

ಬುಧವಾರ ಮತ್ತೆ ಸಭೆ. ಅವತ್ತೇ ನಕ್ಷೆಗೆ ಎಲ್ಲರ ಸಹಿ ಬಿದ್ದು ಮರುದಿನ ಬಿಷಪರ ಮನೆಗೆ ಹೋಗಬೇಕು. ಕೆಂಡ ಫಾದರ್ ಮುಖವನ್ನೇ ನೋಡುತ್ತಾ ಕುಳಿತ. ಈಗ ಹೇಳುತ್ತಾರೆ, ಇನ್ನೇನು ಹೇಳುತ್ತಾರೆ. ಮೇಡಂ ಕಿಟಕಿಯ ಮಾತು ಮುಗಿಸಿದರು, ಗಂಟೆಯ ಮಾತು ಮುಗಿಸಿದರು. ಫಾದರ್ ತುಟಿ ಬಿಚ್ಚಲಿಲ್ಲ. ಕೊನೆಗೆ ಮಿಲ್ಲಿನ ಯಜಮಾನನೇ ಕೆದಕಿದ.

"ಅಲ್ಲ ಫಾದರ್, ಈ ಒಂಬೈನೂರು ನಿಜಾನಾ? ಒಂದು ವಾರದಲ್ಲಿ ಇನ್ನೂರು ಜನ ಆಕಾಶದಿಂದ ಉದುರಿದ್ರಾ?"

ಫಾದರ್ ಅವರ ಕಿವಿ ಕೆಂಪಾಯಿತು. ಎದುರಿಗಿದ್ದ ಚೀಟಿ ಎತ್ತಿ, ಮೊದಲ ಸಲ ನೋಡುವವರಂತೆ ಓದಿದರು. "ಚೀಟಿಯಲ್ಲಿ ಒಂಬೈನೂರು ಅಂತ ಇದೆ. ನನ್ನ ಹತ್ತಿರ ಇರೋದು ಇದೊಂದೇ."

ಚಹಾದ ಬಿಡುವಿನಲ್ಲಿ ಕೆಂಡ ಅವರನ್ನು ವರಾಂಡದಲ್ಲಿ ಅಡ್ಡಗಟ್ಟಿದ. ರಕ್ತ ತಲೆಗೇರಿತ್ತು.

"ಒಂದು ಮಾತು ಹೇಳ್ಬಹುದಿತ್ತಲ್ಲ ಫಾದರ್! ಮರು ಎಣಿಕೆ ಅಂದಿದ್ರೆ ಸಾಕಿತ್ತು!"

"ಯಾವ ವಿಷಯ ಮಗು?"

"ಶನಿವಾರ ನಾನು..."

"ಈ ಸಲ ಬಿಸಿಲು ಜೋರಾಗಿದೆ ಅಲ್ವಾ," ಎಂದರು ಫಾದರ್. ಒರೆಸಿದ ಸ್ಲೇಟಿನಂಥ ಮುಖ. ಆದರೆ ವರಾಂಡದ ಕಂಬ ಹಿಡಿದಿದ್ದ ಅವರ ಬೆರಳುಗಳು ಬಿಳಿಚಿಕೊಂಡಿದ್ದವು.

ಆಗ ಅವನಿಗೆ ಚಿಕ್ಕಂದಿನ ಧರ್ಮೋಪದೇಶದ ತರಗತಿ ನೆನಪಾಯಿತು. ಸಿಸ್ಟರ್ ಬೆತ್ತ ಆಡಿಸುತ್ತಾ ಹೇಳಿದ್ದರು, ಗೂಡಿನಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ ಹೇಳುವ ಹಾಗಿಲ್ಲ, ಅದನ್ನಿಟ್ಟುಕೊಂಡು ಏನೂ ಮಾಡುವ ಹಾಗೂ ಇಲ್ಲ, ಕತ್ತು ಹೋದರೂ ಇಲ್ಲ. ಅವತ್ತು ಅವನು ಬೆಂಚಿಗೆ ಮೊಳೆಯಿಂದ ಗೀಚುತ್ತಾ ಅರ್ಧ ಕೇಳಿಸಿಕೊಂಡಿದ್ದ. ಈಗ ಪೂರ್ತಿ ಕೇಳಿಸಿತು. ಈ ಮನುಷ್ಯನ ಬಾಯಿಗೆ ಬೀಗ ಜಡಿದು, ಅವರ ಕಣ್ಣೆದುರೇ ಅವರ ಅಡುಗೆಯಾಕೆಯ ಮನೆ ಕೆಡವಿಸಲು ಹೊರಟವನು ತಾನು. ಮೇಲಿಂದ ಅವರ ಮೇಲೇ ಕೂಗಾಡಿದೆ. ನೆಲ ಬಿರಿದು ನುಂಗಬಾರದೇ ಎನಿಸಿತು. ವರಾಂಡದ ನೆಲ ಗಟ್ಟಿಯಾಗಿತ್ತು. ಹೋದ ವರ್ಷ ಅವನೇ ಹಾಕಿದ್ದು.

ಒಳಗೆ ಬಂದರೆ ಪೆನ್ನು ಕೈಯಿಂದ ಕೈಗೆ ಸಾಗುತ್ತಿತ್ತು. ಅಜ್ಜಿ ಲೋಟ ಎತ್ತುತ್ತಿದ್ದಳು. ಕೆಂಡನ ಸರದಿ ಬಂತು. ಅವನು ಪೆನ್ನು ತೆಗೆದುಕೊಳ್ಳಲಿಲ್ಲ. ಎಂದಿನಂತೆ ಜೇಬಿನಲ್ಲೇ ಇದ್ದ ಮೊಳೆ ತೆಗೆದು, ಒಂದೊಂದಾಗಿ ನಕ್ಷೆಯ ಕೊನೆಯ ಎರಡು ಅಂಕಣದ ಮೇಲೆ ಇಟ್ಟ. ಕೆಲವು ಉರುಳಿ ನೆಲಕ್ಕೆ ಬಿದ್ದವು.

"ಏನೋ ಇದು?" ಎಂದ ಮಿಲ್ಲಿನ ಯಜಮಾನ.

"ಹದಿನೆಂಟು ಮೊಳೆ. ಒಂದಕ್ಕೆ ಹತ್ತು ಜನ. ಇವರು... ಇವರು ಜನ ಅಲ್ಲ, ಬರೀ ಮೊಳೆ. ನಾನೇ ಸೇರಿಸಿದ್ದು. ಬಂದಿದ್ದು ಏಳುನೂರ ಇಪ್ಪತ್ತೇ. ನೀವು ತಗಡು ಅಂದ್ರಲ್ಲ, ಅದಕ್ಕೆ..."

'ಅದಕ್ಕೆ' ಎಂಬಲ್ಲಿಗೆ ಮಾತು ನಿಂತಿತು. ಅಷ್ಟು ದಿನ ಎದೆಯಲ್ಲಿ ಧಗಧಗ ಉರಿಯುತ್ತಿದ್ದ ಕಾರಣ, ಹೊರಗೆ ಬಂದ ಕೂಡಲೇ ಒದ್ದೆ ಬತ್ತಿಯ ಹಾಗೆ ಚುಸ್ಸೆಂದಿತು. ಫಾದರ್ ತಲೆ ಎತ್ತಲಿಲ್ಲ. ಆದರೆ ಅವರ ಹೆಗಲು ಎರಡು ಇಂಚು ಇಳಿದದ್ದು ಕೆಂಡನಿಗೆ ಕಂಡಿತು.

ಮಿಲ್ಲಿನ ಯಜಮಾನ ಕುರ್ಚಿಗೆ ಒರಗಿದ. "ಭಲೇ ಮಗರಾಯ! ನ್ಯಾಯ, ನೀತಿ, ಬಡವರು ಅಂತ ಈ ಮೇಜು ಗುದ್ದಿದವನು ನೀನೇ ಅಲ್ವೇನಪ್ಪಾ? ನಮ್ಮನ್ನೆಲ್ಲ ಕಳ್ಳರು ಅಂದವನು?"

ಬೇರೆ ದಿನವಾಗಿದ್ದರೆ ಮೇಜು ಮಗುಚುತ್ತಿತ್ತು. ಅವತ್ತು ಕೆಂಡ "ಹೌದು, ನಾನೇ" ಎಂದ.

ಮೇಡಂ ಅದೆಲ್ಲಕ್ಕಿಂತ ಗಟ್ಟಿಯಾಗಿ ಹೊಡೆದರು, ಹೊಡೆಯುವ ಉದ್ದೇಶವಿಲ್ಲದೆ. ಫೈಲು ತೆರೆದು ಒಂದು ಹಾಳೆ ಎಳೆದರು. "ಎರಡನೇ ವಾರವೇ ನಾನು ಬರೆದಿಟ್ಟಿದ್ದೆ ನೋಡಿ. ಏಳುನೂರಕ್ಕೆ ತಗಡು ಸಾಲದು, ಹೊಸ ಚರ್ಚೇ ಆಗಬೇಕು ಅಂತ. ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ. ಏಳೂವರೆ ಅಂಕಣ ಸಾಕು. ಗೋಡೆ ಆ ಮನೆಯಿಂದ ಆರು ಅಡಿ ಈಚೆಗೇ ನಿಲ್ಲುತ್ತೆ."

ಹಾಗಾದರೆ ಸುಳ್ಳು ಬೇಕೇ ಇರಲಿಲ್ಲ. ಅಮ್ಮನಿಗೆ ಫ್ಯಾನು ಹೇಗೂ ಸಿಗುತ್ತಿತ್ತು. ಒಬ್ಬ ಮುದುಕಿಯ ತಲೆಯ ಮೇಲೆ ಗೋಡೆ ಕಟ್ಟಿದ್ದಷ್ಟೇ ಅವನ ಸಾಧನೆ.

ಅಜ್ಜಿ ತಟ್ಟೆಯನ್ನು ಸೊಂಟಕ್ಕೆ ಒತ್ತಿ ಹಿಡಿದು ಹತ್ತಿರ ಬಂದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಚೆನ್ನಾಗಿತ್ತು.

"ಅಷ್ಟೂ ಜನರಲ್ಲಿ ನಾನಿದ್ದೆನೇನೋ?" ಎಂದಳು ಅಜ್ಜಿ. ತಮಾಷೆಗೇ ಕೇಳಿದ್ದು, ಕಣ್ಣಂಚಿನಲ್ಲಿ ನಗುವಿತ್ತು.

ಕೆಂಡ ಎಣಿಸಿದ್ದು ಗೇಟಿನಲ್ಲಿ. ಅಜ್ಜಿ ಯಾವ ಭಾನುವಾರವೂ ಗೇಟು ದಾಟಿ ಬಂದವಳಲ್ಲ. ಫಾದರ್ ಊಟ ಒಲೆಯ ಮೇಲಿರುವಾಗ ಅಡುಗೆಮನೆಯ ಕಿಟಕಿಯಿಂದಲೇ ಅವಳ ಪೂಜೆ. ಗಂಟೆ ಕೇಳಿದರೆ ಸೌಟು ಹಿಡಿದ ಕೈಯಲ್ಲೇ ಮೊಣಕಾಲೂರುವುದು. ಅದನ್ನು ಅವನು ಸಣ್ಣವನಿದ್ದಾಗ ಪಕ್ಕದಲ್ಲಿ ಕೂತು, ಅವಳು ಬಡಿಸಿದ್ದನ್ನೇ ತಿನ್ನುತ್ತಾ ನೂರು ಸಲ ನೋಡಿದ್ದ. ಮುಖವಿಲ್ಲದ ನೂರ ಎಂಬತ್ತು ಜನರನ್ನು ಸೇರಿಸಿದವನಿಗೆ ಈ ಒಂದು ಮುಖ ನೆನಪಾಗಿರಲಿಲ್ಲ.

"ಇಲ್ಲ ಅಜ್ಜಿ," ಎಂದ.

"ಹೋಗ್ಲಿ ಬಿಡು. ನನಗೆ ಬೆಂಚು ಬೇಡ. ಹೊಸ ಗೋಡೆಯಲ್ಲಿ ನನ್ನ ಕಿಟಕಿ ಎದುರಿಗೊಂದು ಕಿಟಕಿ ಇಡಿ ಮೇಡಮ್ಮೋರೆ, ಅಷ್ಟು ಸಾಕು."

ಮೇಡಂ ಪೆನ್ಸಿಲು ಎತ್ತಿದರು. "ಇಡೋಣ. ಹಾಗಾದ್ರೆ ಲೆಕ್ಕ ಎಷ್ಟು ಅಂತ ಬರ್ಕೊಳ್ಳಲಿ? ಏಳುನೂರ ಇಪ್ಪತ್ತಾ?"

"ಇಪ್ಪತ್ತೊಂದು," ಎಂದ ಕೆಂಡ.

ಆಮೇಲೆ ಅಲ್ಲಿ ನಿಲ್ಲಲಾಗದೆ, ಬಿದ್ದ ಮೊಳೆ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ನುಗ್ಗಿದ. ಮೇಲೆ ಮಾತು ಮುಂದುವರಿಯಿತು, ಕಿಟಕಿ ಎಷ್ಟು ಅಗಲ, ಬಾಗಿಲು ಯಾವ ಕಡೆ. ಕೆಳಗೆ ಕಾಲುಗಳು, ಪಾಲಿಷ್ ಮಾಡಿದ ಬೂಟು, ಫಾದರ್ ಅವರ ಸವೆದ ಚಪ್ಪಲಿ. ಯಾರೂ ಅವನಿಗಾಗಿ ಕಾಲು ಎತ್ತಲಿಲ್ಲ. ಅವನೂ ಎತ್ತಿ ಎನ್ನಲಿಲ್ಲ. ಅಂಗೈ ನೆಲಕ್ಕೂರಿ ಒಂದೊಂದೇ ಹೆಕ್ಕಿದ. ಕೊನೆಯದು ಅಜ್ಜಿಯ ಬರಿಗಾಲಿನ ಪಕ್ಕ ಸಿಕ್ಕಿತು.

"ಏಳೋ ಮಾರಾಯ, ಬೆಳಗ್ಗೆ ಕಸ ಗುಡಿಸುವಾಗ ಸಿಗುತ್ತೆ," ಎಂದು ಅಜ್ಜಿ ಬಗ್ಗಿ ಕರೆದಳು. "ಎಷ್ಟು ಬಾಕಿ ಇದೆ?"

"ಇನ್ನೊಂದು," ಎಂದ ಕೆಂಡ. ಆ ಕೊನೆಯ ಮೊಳೆ ಆಗಲೇ ಮುಷ್ಟಿಯಲ್ಲಿತ್ತು. ತಲೆ ಎತ್ತದೆ, ಏನೂ ಇಲ್ಲದ ನೆಲವನ್ನು ಸವರುತ್ತಲೇ ಇದ್ದ.