ಅತ್ತಿಗುಪ್ಪೆ ಮೂಲೆಯ ಕೈಮರ

ಅತ್ತಿಗುಪ್ಪೆ ಕಡೆಯ ಮಣ್ಣಿನ ದಾರಿ ಮೈಸೂರು ರಸ್ತೆಗೆ ಬಂದು ಸೇರುವ ಮೂಲೆಯಲ್ಲಿ ನನ್ನ ಕಾಫಿ ಅಂಗಡಿ ಇತ್ತು. ರಾಜಾಜಿನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ ಅದು. ಇಟ್ಟಿಗೆ ಲಾರಿ, ತರಕಾರಿ ಗಾಡಿ, ಮೈಸೂರು ಬಸ್ಸು ಎಲ್ಲವೂ ಆ ಮೂಲೆಯಲ್ಲೇ ಎದುರುಬದುರಾಗಿ ನಿಂತು ಜಗಳವಾಡುತ್ತಿದ್ದವು. ಅದಕ್ಕೆ ಯಾರೋ ದೊಡ್ಡ ಸಾಹೇಬರು ತಲೆ ಓಡಿಸಿ, ರೈಲಿನವರ ಕೈಮರದಂಥದ್ದೇ ಒಂದನ್ನು ತರಿಸಿ ರಸ್ತೆಯಲ್ಲಿ ನೆಡಿಸಿದರು.

ಎತ್ತರದ ಕಬ್ಬಿಣದ ಕಂಬ, ಅದಕ್ಕೆ ಕೆಂಪು ಬಳಿದ ಎರಡು ಕೈ, ರಸ್ತೆಗೊಂದರಂತೆ. ಬುಡದ ಪೆಟ್ಟಿಗೆಯೊಳಗೆ ಹಲ್ಲಿನ ಚಕ್ರ, ಸರಪಳಿ. ಹೊರಗೆ ಒಂದು ಹಿಡಿ. ಹಿಡಿ ಎಳೆದರೆ ಒಂದು ಕೈ ಬೀಳುತ್ತಿತ್ತು, ಇನ್ನೊಂದು ಏಳುತ್ತಿತ್ತು. ಎರಡೂ ಒಟ್ಟಿಗೆ ಬೀಳದ ಹಾಗೆ ಚಕ್ರಗಳನ್ನು ಜೋಡಿಸಿದ್ದರು. ಕೈ ಅಡ್ಡವಾಗಿದ್ದರೆ ನಿಲ್ಲು, ಬಿದ್ದರೆ ಹೋಗು. ಹಿಡಿ ಎಳೆಯುವುದಕ್ಕೆ ಮರಿಯಪ್ಪ ಎಂಬ ಪೊಲೀಸಿನವನನ್ನು ಹಾಕಿದರು. ನಲವತ್ತರ ಆಸುಪಾಸು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿಲ್ಲ. ಬಾಯಿಗೆ ಬೀಗ ಹಾಕಿಕೊಂಡ ಮನುಷ್ಯ. ಕಾಫಿ ಬೇಕಾದರೂ ಲೋಟ ಮುಂದೆ ಚಾಚುತ್ತಿದ್ದ, ಅಷ್ಟೆ.

ಸಾಹೇಬರಿಗೆ ಒಂದು ಸಂಗತಿ ಹೊಳೆದಿರಲಿಲ್ಲ. ಕೆಂಗೇರಿಯ ಗಾಡಿಯವರು ಹುಟ್ಟಿದಾಗಿನಿಂದ ಕೈಮರ ನೋಡಿದವರೇ. ಆದರೆ ರೈಲಿನೊಳಗೆ ಕೂತಲ್ಲ, ಗೇಟಿನ ಹೊರಗೆ ನಿಂತು. ಕೈಮರ ಬಿತ್ತು ಅಂದರೆ ಅವರ ಲೆಕ್ಕದಲ್ಲಿ ರೈಲು ಬಂತು, ಎತ್ತುಗಳನ್ನು ನಿಲ್ಲಿಸು. ಕೈ ಎದ್ದರೆ ರೈಲು ಹೋಯಿತು, ಹೊರಡು. ಹೀಗಾಗಿ ಮರಿಯಪ್ಪ ಕೈ ಬೀಳಿಸಿದಾಗಲೆಲ್ಲ ಗಾಡಿಗಳು ಸಾಲಾಗಿ ನಿಂತವು. ಎತ್ತಿದ ಕೂಡಲೇ ಲಾರಿಗಳ ಮೂತಿಗೇ ನುಗ್ಗಿದವು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ಪಾಪ, ಒಂದೊಂದು ಗಾಡಿಯ ಹತ್ತಿರವೂ ಹೋಗಿ ತಿಳಿಸಿ ಹೇಳಬೇಕಾಯಿತು.

ಹಾಗೆ ಹೇಳಿಸಿಕೊಂಡವರಲ್ಲಿ ಹನುಮಕ್ಕ ಒಬ್ಬಳು. ಕೆಂಗೇರಿಯ ದೊಡ್ಡಹನುಮಯ್ಯನ ಮಗಳು. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಪ್ಪನ ಕಣ್ಣು ಮಂಜಾದ ಮೇಲೆ ತಾನೇ ಗಾಡಿ ಹೊಡೆದುಕೊಂಡು ಮಾರ್ಕೆಟ್ಟಿಗೆ ಹೋಗುತ್ತಿದ್ದಳು. ಅಪ್ಪ ಹಿಂದೆ ಸೊಪ್ಪಿನ ಕಂತೆಗಳ ನಡುವೆ ಕೂತಿರುತ್ತಿದ್ದ.

"ಕೈ ಬಿದ್ರೆ ಹೋಗ್ಬೇಕು ಕಣಮ್ಮ," ಎಂದ ಮರಿಯಪ್ಪ.

"ಅದೆಂಗೆ ಸ್ವಾಮಿ? ಕೈ ಬಿದ್ರೆ ಏನೋ ಬರ್ತೈತೆ ಅಂತ ಅಲ್ವಾ?" ಎಂದಳು ಹನುಮಕ್ಕ.

ತಿಂಗಳೊಳಗೆ ಎಲ್ಲರೂ ಕಲಿತರು. ಎತ್ತುಗಳೂ ಕಲಿತವು. ಹನುಮಕ್ಕ ಮಾತ್ರ ಕಲಿಯಲಿಲ್ಲ. ಕೈ ಬಿತ್ತೋ, ಅವಳ ಗಾಡಿ ನಿಂತಿತು. ಹಿಂದಿನ ಲಾರಿಯವನು ಹಾರನ್ ಒತ್ತುತ್ತ ಅವಳ ವಂಶವನ್ನೆಲ್ಲ ನೆನೆಯುತ್ತಿದ್ದ. ಮರಿಯಪ್ಪ ಗಾಡಿಯ ತನಕ ನಡೆದು, ಅದೇ ಪಾಠವನ್ನು ಅದೇ ತಾಳ್ಮೆಯಿಂದ ಒಪ್ಪಿಸುತ್ತಿದ್ದ. ಬರಬರುತ್ತ ಪಾಠ ಉದ್ದವಾಯಿತು. ಒಮ್ಮೆ ಹಿಡಿ ಕಿರುಗುಟ್ಟುತ್ತದೆ ಎಂದು ಅವಳು ಗಾಡಿಯಡಿ ತೂಗುಬಿಟ್ಟಿದ್ದ ಬಿದಿರಿನ ಗೊಟ್ಟದಿಂದ ಕೀಲೆಣ್ಣೆ ಕೊಟ್ಟಳು. ಅವತ್ತೆಲ್ಲ ಚಕ್ರಗಳಿಗೆ ಎಣ್ಣೆ ಸವರುತ್ತ ಮರಿಯಪ್ಪ ಏನೋ ಗುನುಗುತ್ತಿದ್ದ. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಅವಳೇನೂ ದಡ್ಡಿಯಲ್ಲ ಎಂದು ಗೊತ್ತಾದದ್ದು ಮರಿಯಪ್ಪ ಜ್ವರ ಬಂದು ಮಲಗಿದ ದಿನ. ಅವನ ಬದಲಿಗೆ ಇನ್ನೊಬ್ಬ ಪೊಲೀಸಿನವನು ಬಂದಿದ್ದ. ಕೈ ಬಿತ್ತು. ಹನುಮಕ್ಕ ಅತ್ತಿತ್ತ ನೋಡಿದಳು, ಹಗ್ಗ ಸಡಿಲಿಸಿದಳು. ಗಾಡಿ ನಿಲ್ಲದೆ ದಾಟಿ ಹೋಯಿತು.

ಮರಿಯಪ್ಪ ಕೆಲಸಕ್ಕೆ ಬಂದ ಕೂಡಲೇ ಹಿಡಿದುಕೊಂಡೆ. "ಅವ್ಳಿಗೆ ಎಲ್ಲಾ ಗೊತ್ತು ಕಣಯ್ಯಾ. ನೀನು ಹತ್ರ ಬರ್ಲಿ ಅಂತ ನಿಲ್ಸೋದು. ಗಂಡ ಸತ್ತೋರಿಗೆ ನಮ್ಮಲ್ಲಿ ಕೂಡಾವಳಿ ಅಂತ ಇನ್ನೊಂದು ಮದ್ವೆ ಮಾಡಲ್ವಾ? ಹೋಗಿ ಕೇಳು."

ಅವನು ಕಿವಿಯ ತನಕ ಕೆಂಪಾದ. "ಸುಮ್ನಿರಿ ಕಲ್ಯಾಣಮ್ಮ. ಇಲ್ಲ ಅಂದ್ಬಿಟ್ರೆ ನಾಳೆಯಿಂದ ಗಾಡೀನೂ ನಿಲ್ಲಲ್ಲ."

ಆ ಭಯ ನನಗೆ ಅರ್ಥವಾಯಿತು. ಸಿಟ್ಟೂ ಬಂತು. ಇದ್ದಷ್ಟು ಸಾಕು ಅನ್ನುವವರಿಗೆ ಇದ್ದದ್ದೂ ಉಳಿಯುವುದಿಲ್ಲ ಎಂದು ಬೈದೆ.

ಹಾಗೇ ಆಯಿತು. ಸಾಹೇಬರ ಮನಸ್ಸು ಬದಲಾಯಿತು; ಕೈಮರ ಬೇಡ, ಕಿತ್ತು ಹಾಕಿ ಎಂದರು. ಮರಿಯಪ್ಪನಿಗೆ ಕೋಲಾರದ ಕಡೆ ವರ್ಗ. ಹೊರಡುವ ದಿನ ಬೆಳಿಗ್ಗೆ ಅವನು ಠಾಣೆಗೆ ಹೋಗಿದ್ದಾಗಲೇ ಹನುಮಕ್ಕನ ಗಾಡಿ ಹಾದುಹೋಯಿತು. ನಾನು ಒಲೆ ಬಿಟ್ಟು ಓಡಿ ಬಂದು ಕೂಗುವಷ್ಟರಲ್ಲಿ ದೂರವಾಗಿತ್ತು. ಇನ್ನು ಅವಳು ಸಂಜೆ ವಾಪಸು ಬರುವಾಗ ಸಿಕ್ಕರೆ ಉಂಟು.

ಮಧ್ಯಾಹ್ನ ಕೂಲಿಯವರು ಬಂದು ಕಂಬ ಕಿತ್ತು ರಸ್ತೆಯ ಬದಿಗೆ ಮಲಗಿಸಿದರು. ಮರಿಯಪ್ಪ ಟ್ರಂಕು ಇಟ್ಟುಕೊಂಡು ನನ್ನ ಬೆಂಚಿನ ಮೇಲೆ ಕೂತ. ಸಿಟಿಗೆ ಹೋಗುವ ಒಂದು ಬಸ್ಸನ್ನು ಹತ್ತದೆ ಬಿಟ್ಟ. ಇನ್ನೊಂದನ್ನೂ ಬಿಟ್ಟ.

"ಈಗ ನಿಲ್ಸೋಕೆ ಅವ್ರಿಗೆ ನೆಪ ಎಲ್ಲಿದೆ?" ಎಂದ.

ಸಂಜೆ ಸೊಪ್ಪೆಲ್ಲ ಮಾರಿ ಹನುಮಕ್ಕನ ಗಾಡಿ ವಾಪಸು ಬಂತು. ಅಂಗಡಿಯ ಮುಂದೆ ನಿಂತಿತು.

ಮರಿಯಪ್ಪ ಎದ್ದು ಹೋದ. ಬೇರೇನೂ ತೋಚದೆ, "ಯಾಕ್ ನಿಲ್ಸಿದ್ರಿ?" ಎಂದ.

"ಇಡೀ ಕೈಮರಾನೇ ಬಿದ್ದೈತಲ್ಲ ಸ್ವಾಮಿ, ನಿಲ್ಲಬ್ಯಾಡ್ವಾ?" ಎಂದಳು ಹನುಮಕ್ಕ. ನಗಲು ಹೋದವಳಿಗೆ ಟ್ರಂಕು ಕಣ್ಣಿಗೆ ಬಿತ್ತು. ನಗು ಅಲ್ಲೇ ಆರಿತು.

"ವರ್ಗ ಆಯ್ತು. ಕೋಲಾರದ ಕಡೆ," ಎಂದ ಮರಿಯಪ್ಪ.

ಕೇಳೋ ಮಾರಾಯ, ಕೇಳು ಎಂದು ನಾನು ಒಳಗೊಳಗೇ ಗೋಗರೆದೆ. ಕೊನೆಗೂ ಅವನ ಬಾಯಿಂದ ಬಂದದ್ದು ಒಂದೇ ಮಾತು.

"ಬರ್ತೀನಿ."

ನಾನು ಹಣೆ ಚಚ್ಚಿಕೊಂಡೆ. ಹೊರಟವರೆಲ್ಲ ಹೇಳುವ ಮಾತು ತಾನೆ ಅದು? ಹೋಗ್ತೀನಿ ಅಂದರೆ ಅಪಶಕುನ, ಅದಕ್ಕೆ ಬರ್ತೀನಿ.

ಹನುಮಕ್ಕ ಗಾಡಿಯಿಂದ ಇಳಿದಳು. ಅವನ ಮುಖವನ್ನೇ ನೋಡುತ್ತ ಕೇಳಿದಳು. "ಹೋಗೋರು ಹೇಳೋ ಬರ್ತೀನೀನಾ? ಇಲ್ಲಾ, ಬರೋರು ಹೇಳೋ ಬರ್ತೀನೀನಾ?"

ಮರಿಯಪ್ಪ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬರೋರು ಹೇಳೋದು," ಎಂದ. "ನಿಮ್ಮನ್ನ ಕೇಳೋಕೆ ನಿಮ್ಮನೆಗೆ ಬರ್ತೀನಿ. ಬರ್ಲಾ?"

ಅವಳು ಹೂಂ ಎಂದು ತಲೆಯಾಡಿಸಿದಳು. ಕಣ್ಣು ತುಂಬಿಕೊಂಡಿತ್ತು.

ಗಾಡಿಯ ಹಿಂದಿನಿಂದ ದೊಡ್ಡಹನುಮಯ್ಯ ಕೆಮ್ಮಿದ. "ಬರೋದಾದ್ರೆ ಒಬ್ನೇ ಬರಬ್ಯಾಡ ಕಣಪ್ಪ. ನಿನ್ ಕಡೆ ಹಿರೀರನ್ನ ಕರ್ಕೊಂಡ್ ಬಾ."

"ನನ್ ಕಡೆ ಅಂತ ಯಾರೂ ಇಲ್ಲ," ಎಂದ ಮರಿಯಪ್ಪ ಮೆಲ್ಲಗೆ.

ನನಗೆ ಎಲ್ಲಿತ್ತೋ ಸಿಟ್ಟು, ಎಲ್ಲಿತ್ತೋ ಅಳು. "ಯಾರೂ ಇಲ್ವಂತೆ! ಇಷ್ಟು ದಿನ ಕಾಫಿ ಹಾಕ್ಕೊಟ್ಟೋಳು ಯಾರೋ?" ಎಂದು ಸೆರಗಿನಿಂದ ಮೂಗು ಒರೆಸಿಕೊಂಡು, ತಾಂಬೂಲದ ತಟ್ಟೆ ಹಿಡಿದು ಯಾವತ್ತು ಬರಲಿ ಎಂದು ದೊಡ್ಡಹನುಮಯ್ಯನನ್ನೇ ಕೇಳಿದೆ.