ಮಾವನಿಗೆ ಹಾಕದ ಉಂಗುರ

ಅಮೆರಿಕದ ನೆವಾರ್ಕಿನ ಆ ಪುಟ್ಟ ಕಂಪನಿ ತಯಾರಿಸುತ್ತಿದ್ದುದು ಕಡಲೆಕಾಳಿಗಿಂತ ಚಿಕ್ಕದಾದ ಲೋಹದ ಉಂಗುರ. ಹೃದಯದ ಬೈಪಾಸ್ ಮಾಡಲು ಎದೆ ಸೀಳಬೇಕಿಲ್ಲ, ಸೂಜಿ ದಾರ ಬೇಕಿಲ್ಲ. ಪಕ್ಕೆಲುಬಿನ ಸಂದಿಯಿಂದ ಉಂಗುರವನ್ನು ಒಳಗೆ ತೂರಿಸಿ ಒತ್ತಿದರೆ ರಕ್ತನಾಳಕ್ಕೆ ರಕ್ತನಾಳ ಕೂಡಿಕೊಳ್ಳುತ್ತದೆ. ಬರೀ ಒಂದು ವೆಬ್‌ಸೈಟಿದ್ದರೂ ದುಡ್ಡು ಹುಡುಕಿಕೊಂಡು ಬರುತ್ತಿದ್ದ ಕಾಲವದು. ಇವರ ಬಳಿಯಂತೂ ಮುಟ್ಟಿ ನೋಡುವ ವಸ್ತುವೇ ಇತ್ತು. ಅದನ್ನು ರೂಪಿಸಿದ ಕಿರಣಕುಮಾರನ ಬೆನ್ನು ತಟ್ಟದವರಿರಲಿಲ್ಲ.

ಆದರೆ ಉಂಗುರ ಹಾಕಿದ್ದ ಪ್ರಯೋಗದ ಕುರಿ ಸತ್ತಿತ್ತು. ಚೆನ್ನಾಗಿ ಮೇಯುತ್ತಿದ್ದದ್ದು ಒಂದು ಬೆಳಿಗ್ಗೆ ಏಳಲೇ ಇಲ್ಲ. ಕೊಯ್ದು ನೋಡಿದರೆ ಉಂಗುರದ ಬಾಯಲ್ಲೇ ರಕ್ತ ಹೆಪ್ಪುಗಟ್ಟಿತ್ತು. ಸರ್ಜನ್ನಿನ ಕೈತಪ್ಪು ಎಂದು ಬಾಸು ಕೈತೊಳೆದುಕೊಂಡ. ಅಲ್ಲವೆಂದು ಗೊತ್ತಿದ್ದೂ ಕಿರಣ ಬಾಯಿ ಬಿಡಲಿಲ್ಲ. ಅಂದಿನಿಂದ ಮೀಟಿಂಗಿನಲ್ಲಿ ಕೂತರೆ ಮೇಜಿನ ಕೆಳಗೆ ಮೆಲುಕು ಹಾಕುವ ಸದ್ದು. ಬಗ್ಗಿ ನೋಡಿದರೆ ಬರೀ ಬೂಟುಗಳು. ಅವನಿಗೆ ನಿಜಕ್ಕೂ ಭಯವಾಗತೊಡಗಿತು.

ಮನುಷ್ಯರಿಗೆ ಉಂಗುರ ಹಾಕಿ ನೋಡುವ ಹಂತ ಬಂದಾಗಲೇ, ಮೊಮ್ಮಗಳನ್ನು ನೋಡಲು ಹುಬ್ಬಳ್ಳಿಯಿಂದ ಬಂದಿದ್ದ ಮಾವ ವಿರೂಪಾಕ್ಷಪ್ಪನವರಿಗೆ ಎದೆನೋವು ಕಾಣಿಸಿಕೊಂಡಿತು. ಬೈಪಾಸ್ ಆಗಲೇಬೇಕೆಂದು ಡಾಕ್ಟರು ಹೇಳಿದರು. ಆ ಪ್ರಯೋಗ ನಡೆಯುತ್ತಿದ್ದ ಆಸ್ಪತ್ರೆಯೇ ಸಿಕ್ಕಿತು.

"ಮದುವ್ಯಾಗ ನಾ ನಿಮಗ ಉಂಗುರ ಹಾಕಿದ್ದೆ ಅಳಿಯಂದ್ರ, ಈಗ ನೀವು ನನಗ ಹಾಕ್ರಿ," ಎಂದು ಮಾವ ಮಲಗಿದಲ್ಲೇ ನಕ್ಕರು. ಕೊರಳ ಲಿಂಗವನ್ನು ಮುಟ್ಟಿಕೊಂಡು, "ಎದಿಮ್ಯಾಲ ಲಿಂಗ, ಒಳಗ ನಿಮ್ಮ ಕೈಕೆಲಸ. ಇನ್ನೇನ ಬೇಕ್ರಿ?" ಎಂದರು.

ಮಂಚದ ಕೆಳಗೆ ಮೆಲುಕಿನ ಸದ್ದು ಕೇಳಿತು.

"ಬ್ಯಾಡ್ರಿ ಮಾವಾರ. ಎದಿ ಸೀಳಿದ್ರೂ ಅಡ್ಡಿಯಿಲ್ಲ, ಕೈಲೇ ಹೊಲೀಲಿ," ಎಂದವನು ಕುರಿಯ ಕತೆಯನ್ನೆಲ್ಲ ಹೇಳಿಬಿಟ್ಟ.

ಮಾವ, "ನನಗ ಬ್ಯಾಡಾದದ್ದು ಮಂದಿಗೆ ಹೆಂಗ ನಡೀತೈತ್ರಿ?" ಎಂದರು.

ಅವನು ಎದ್ದು ಹೊರಗೆ ಹೋದ. ಮಾವ ಹಳೇ ಕಾಲದವರು, ಹೊಸದಕ್ಕೆ ಒಪ್ಪುತ್ತಿಲ್ಲ ಎಂದು ಡಾಕ್ಟರಿಗೆ ಹೇಳಿ ಬಂದ.

ಹೊಲಿಗೆ ಹಾಕಿಯೇ ಆಪರೇಷನ್ನು ಸುಸೂತ್ರವಾಗಿ ಮುಗಿಯಿತು. ಹೊರಗೆ ಕಾಯುತ್ತಿದ್ದವರ ನಡುವಿನಿಂದ ಚೀನಾದ ಹೆಂಗಸೊಬ್ಬಳು ಎದ್ದು ಬಂದಳು. ಅವಳ ಗಂಡನಿಗೆ ಅಂದು ಬೆಳಿಗ್ಗೆ ಉಂಗುರ ಹಾಕಿದ್ದರು; ಅದನ್ನು ರೂಪಿಸಿದವನು ಇವನೇ, ಇವನ ಮಾವನಿಗೂ ಇಂದೇ ಆಪರೇಷನ್ನು ಎಂದು ಡಾಕ್ಟರು ತೋರಿಸಿದ್ದರು. ಅವಳು ಕಿರಣನ ಎರಡೂ ಕೈ ಹಿಡಿದು, ಅವಕ್ಕೆ ಹಣೆ ಒತ್ತಿ ಅತ್ತಳು. ಥ್ಯಾಂಕ್ಯೂ ಅನ್ನುವುದನ್ನು ನಿಲ್ಲಿಸಲೇ ಇಲ್ಲ. ನಿಮ್ಮ ಮಾವನಿಗೂ ಅದನ್ನೇ ಹಾಕಿದರಲ್ಲವೇ ಎಂದು ಕೇಳಿದಳು.

ಕಿರಣ ಹೌದೆಂದು ತಲೆಯಾಡಿಸಿದ.